ಯಾವ ಸಿಲಿಂಡರ್ ಮಲಗಿದೆ, ಮೊದಲು ಅದನ್ನು ಹೇಳಿ

ಟ್ವಿನ್ ಸಿಲಿಂಡರ್ ಗಾಡಿ ಮಿಸ್ಸಿಂಗ್ ಹೊಡೆಯುತ್ತಿದೆ ಅಂತ ಗ್ಯಾರೇಜಿಗೆ ಬಂದರೆ ನಮ್ಮ ಹುಡುಗರಿಗೆ ನಾನು ಹೇಳೋದು ಇಷ್ಟೇ. ಎಡಗಡೆಯದಾ ಬಲಗಡೆಯದಾ, ಯಾವ ಸಿಲಿಂಡರ್ ಉರಿಯದೆ ಮಲಗಿದೆ ಅಂತ ಮೊದಲು ತೋರಿಸು, ಆಮೇಲೆ ಪಾನಾ ಮುಟ್ಟು. ಇದನ್ನು ಬಿಟ್ಟು ಕಿಡಿ ಹಾರಿಸುವ ಪ್ಲಗ್ ಬದಲಾಯಿಸಿ, ಅದಕ್ಕೆ ಕರೆಂಟ್ ಕೊಡುವ ಕಾಯಿಲ್ ಬದಲಾಯಿಸಿ, ಕೊನೆಗೆ ಏನೂ ತೋಚದೆ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್ ಹೋಗಿದೆ ಅಂತ ಕಸ್ಟಮರ್‌ಗೆ ಹೇಳೋದು ತುಂಬಾ ನಡೆಯುತ್ತೆ. ಜನ ದುಡ್ಡು ಕಳ್ಕೊಂಡು ಆಮೇಲೆ ನಮ್ಮ ಹತ್ತಿರ ಬರ್ತಾರೆ. ನೋಡಿದರೆ ಬೇಜಾರಾಗುತ್ತೆ.

ಒಂದು ಸಿಲಿಂಡರ್ ಮಲಗಿದ ಗಾಡಿ ಸುಲಭವಾಗಿ ಗೊತ್ತಾಗುತ್ತೆ. ಐಡ್ಲಿಂಗ್‌ನಲ್ಲಿ ಹ್ಯಾಂಡಲ್ ಅದುರುತ್ತೆ, ಪಿಕಪ್ ಅರ್ಧಕ್ಕೆ ಇಳಿದಿರುತ್ತೆ, ಸೈಲೆನ್ಸರ್‌ನಲ್ಲಿ ಪಟ್ ಪಟ್ ಅನ್ನುತ್ತೆ, ಹಸಿ ಪೆಟ್ರೋಲ್ ವಾಸನೆ ಬರುತ್ತೆ. ಇಲ್ಲಿ ಒಂದು ಎಚ್ಚರ. 2018ರಲ್ಲಿ ಬಂದ ಇಂಟರ್‌ಸೆಪ್ಟರ್ 650ರಂಥ ಗಾಡಿಯಲ್ಲಿ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) 270 ಡಿಗ್ರಿಯದು, ಎರಡು ಸಿಲಿಂಡರ್ ಸಮ ಅಂತರದಲ್ಲಿ ಹೊಡೆಯಲ್ಲ. ಹೊಸದಾಗಿ ತಗೊಂಡವರಿಗೆ ಆ ಕುಂಟು ತಾಳ ಕೇಳಿ ಮಿಸ್ ಹೊಡೆಯುತ್ತಿದೆ ಅನ್ನಿಸಬಹುದು. ಅದರ ಸದ್ದೇ ಹಾಗೆ, ಬಿಚ್ಚೋಕೆ ಹೋಗಬೇಡಿ.

ಯಾವುದು ಸತ್ತಿದೆ ಅಂತ ಕಂಡುಹಿಡಿಯೋಕೆ ದೊಡ್ಡ ಮಿಷನ್ ಬೇಡ. ಎಂಜಿನ್ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಒಂದು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ. ಬೆರಳನ್ನು ನೀರಲ್ಲಿ ಅದ್ದಿ ಸೈಲೆನ್ಸರ್‌ಗೆ ಹೋಗುವ ಎರಡೂ ಬೆಂಡ್ ಪೈಪ್ ಮೇಲೆ, ಹೆಡ್ (ಸಿಲಿಂಡರ್‌ನ ಮೇಲಿನ ಮುಚ್ಚಳ) ಹತ್ತಿರ, ಒಂದೊಂದು ಹನಿ ಚಿಮುಕಿಸಿ. ಉರಿಯುತ್ತಿರುವ ಕಡೆ ಚುರ್ ಅಂತ ಆವಿಯಾಗುತ್ತೆ. ಮಲಗಿದ ಕಡೆ ಹನಿ ಹಾಗೇ ಕೆಳಗೆ ಜಾರುತ್ತೆ. ಇನ್ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೆಯದು, ಅರ್ಧ ಸತ್ತಿರುವ ಸಿಲಿಂಡರ್ ಕೂಡ ಅದರಲ್ಲಿ ಸಿಕ್ಕಿಬೀಳುತ್ತೆ.

ಹಳೇ ಮೇಸ್ತ್ರಿಗಳು ಎಂಜಿನ್ ಓಡುವಾಗಲೇ ಒಂದೊಂದು ಪ್ಲಗ್ ಕ್ಯಾಪ್ ಕಿತ್ತು ನೋಡ್ತಿದ್ದರು. ಪಾಯಿಂಟ್ (ಕಿಡಿಯ ಕರೆಂಟನ್ನು ತೆರೆದು ಮುಚ್ಚುವ ಹಳೇ ಸ್ವಿಚ್) ಇದ್ದ ಕಾಲಕ್ಕೆ ಹೇಗೋ ನಡೆಯಿತು. ಈಗಿನ ಗಾಡಿಯಲ್ಲಿ ದಯವಿಟ್ಟು ಹಾಗೆ ಮಾಡಬೇಡಿ. ಕಿಡಿಗೆ ಹೋಗೋಕೆ ದಾರಿ ಇಲ್ಲದಿದ್ದರೆ ಅದು ಕಾಯಿಲ್ ಒಳಗೇ ದಾರಿ ಮಾಡಿಕೊಳ್ಳುತ್ತೆ, ಚೆನ್ನಾಗಿದ್ದ ಕಾಯಿಲ್ ಸುಡುತ್ತೆ, ನಿಮಗೂ ಶಾಕ್ ಹೊಡೆಯುತ್ತೆ.

ಈಗ ಎಡಗಡೆ ಸತ್ತಿದೆ ಅಂತ ಗೊತ್ತಾಯಿತು ಅನ್ನಿ. ಟ್ವಿನ್ ಗಾಡಿಯ ದೊಡ್ಡ ಅನುಕೂಲ ಏನಂದರೆ, ಪರೀಕ್ಷೆ ಮಾಡೋಕೆ ಬೇಕಾದ ಒಳ್ಳೆಯ ಪಾರ್ಟು ಅದೇ ಗಾಡಿಯ ಇನ್ನೊಂದು ಪಕ್ಕದಲ್ಲೇ ಇದೆ. ಪಾರ್ಟು ತರೋಕೆ ಬೆಂಗಳೂರಿನ ಜೆ.ಸಿ. ರೋಡಿಗೆ ಓಡಬೇಕಾಗಿಲ್ಲ. ಬಲಗಡೆ ಪ್ಲಗ್ ಎಡಕ್ಕೆ ಹಾಕಿ, ಎಡದ್ದು ಬಲಕ್ಕೆ. ಪೈಪ್ ತಣ್ಣಗಾದ ಮೇಲೆ ಮತ್ತೆ ಸ್ಟಾರ್ಟ್ ಮಾಡಿ ನೀರು ಚಿಮುಕಿಸಿ. ತೊಂದರೆ ಬಲಕ್ಕೆ ಹೋಯಿತಾ? ಪ್ಲಗ್ಗೇ ಕಳ್ಳ. ಎಡದಲ್ಲೇ ಉಳಿಯಿತಾ? ಪ್ಲಗ್ ಕ್ಯಾಪ್ ಅದಲುಬದಲು ಮಾಡಿ, ಆಮೇಲೆ ಕಾಯಿಲ್. ಕಾಯಿಲ್ ಅದಲುಬದಲು ಮಾಡುವಾಗ ವೈರಿಂಗ್‌ನ ಕನೆಕ್ಟರ್ ಮಾತ್ರ ಅದರದರ ಜಾಗದಲ್ಲೇ ಇರಲಿ, ಎಡದ ಕನೆಕ್ಟರ್ ಬಲಕ್ಕೆ ಹಾಕಿದರೆ ಟೈಮಿಂಗೇ ತಪ್ಪಿಹೋಗುತ್ತೆ. ಒಂದು ಸಲಕ್ಕೆ ಒಂದೇ ಪಾರ್ಟು. ಅವಸರದಲ್ಲಿ ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಗಾಡಿ ಸರಿಯಾಗಬಹುದು, ಆದರೆ ಯಾವುದರಿಂದ ಸರಿಯಾಯಿತು ಅಂತ ಯಾರಿಗೂ ಗೊತ್ತಾಗಲ್ಲ.

ಮಲಗಿದ ಕಡೆಯ ಪ್ಲಗ್ ಕೈಗೆ ಬಂದಾಗ ಸುಮ್ನೆ ಒರೆಸಿಬಿಡಬೇಡಿ, ನೋಡಿ. ಪೆಟ್ರೋಲ್‌ನಲ್ಲಿ ನೆಂದಿದ್ದರೆ ಪೆಟ್ರೋಲ್ ಬರ್ತಿದೆ, ಕಿಡಿ ಇಲ್ಲ ಅನ್ನುವ ಅನುಮಾನ ಮೊದಲು ಬರಬೇಕು. ಪೂರ್ತಿ ಒಣಗಿದ್ದರೆ ಪೆಟ್ರೋಲೇ ತಲುಪುತ್ತಿಲ್ಲ. ಒಣ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಜಿಡ್ಡು ಜಿಡ್ಡಾಗಿ ಆಯಿಲ್ ಇದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ಕಡೆ ನೋಡಬೇಕು.

ಕಳೆದ ಮಳೆಗಾಲದಲ್ಲಿ ಹೆಬ್ಬಾಳದ ಕಡೆಯ ಹುಡುಗನೊಬ್ಬ ಇಂಜೆಕ್ಷನ್ ಇರುವ ಟ್ವಿನ್ ತಂದಿದ್ದ. "ಅಣ್ಣಾ, ಬೆಳಿಗ್ಗೆ ಮನೆ ಬಿಟ್ಟಾಗ ಒಂದೇ ಸಿಲಿಂಡರ್‌ನಲ್ಲಿ ಹೋಗುತ್ತೆ, ಮಾನ್ಯತಾ ಟೆಕ್ ಪಾರ್ಕ್ ಸೇರೋ ಹೊತ್ತಿಗೆ ಸರಿಯಾಗುತ್ತೆ" ಅಂದ. ಬೇರೆ ಕಡೆ ಎರಡೂ ಪ್ಲಗ್ ಹೊಸದು ಹಾಕಿಸಿದ್ದ, ಒಂದು ಕಾಯಿಲ್ ಕೂಡ. ಅವರು ಮುಂದೆ ಇಸಿಯು ಅಂತ ಹೇಳಿ ಕಳಿಸಿದ್ದರು. ಪಾಪ, ಅಲ್ಲಿಗೆ ಗಾಡಿ ತಲುಪುವಷ್ಟರಲ್ಲಿ ಬಿಸಿಯಾಗಿ ಸರಿಯಾಗಿರುತ್ತಿತ್ತು, ಅವರಿಗೆ ತೊಂದರೆ ಕಣ್ಣಿಗೆ ಬಿದ್ದೇ ಇರಲಿಲ್ಲ. ನಾನು ಅವನಿಗೆ ಗಾಡಿ ರಾತ್ರಿ ಇಲ್ಲೇ ಬಿಟ್ಟು ಹೋಗು ಅಂದೆ. ತಣ್ಣಗಿರುವಾಗ ಬರುವ ಕಾಯಿಲೆಯನ್ನು ತಣ್ಣಗಿರುವಾಗಲೇ ನೋಡಬೇಕು ಅಲ್ವಾ.

ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಎಡಗಡೆ ಬೆಂಡ್ ಪೈಪ್ ಮೇಲೆ ನೀರಿನ ಹನಿ ಹಾಗೇ ಕೂತಿತ್ತು. ಗ್ಯಾರೇಜಿನ ಶಟರ್ ಅರ್ಧ ಎಳೆದು ಕತ್ತಲು ಮಾಡಿ, ಎಂಜಿನ್ ಓಡುವಾಗ ಪ್ಲಗ್ ಕ್ಯಾಪ್ ಕಡೆ ಬಗ್ಗಿ ನೋಡಿದರೆ ಬುಡದಲ್ಲಿ ಸಣ್ಣಗೆ ನೀಲಿ ಮಿಂಚು ಕಾಣುತ್ತಿತ್ತು. ಕಿಡಿ ಹುಟ್ಟುತ್ತಿತ್ತು, ಆದರೆ ಒಳಗೆ ಹೋಗದೆ ಹೊರಗೇ ಹಾರುತ್ತಿತ್ತು. ಆಫ್ ಮಾಡಿ ಕ್ಯಾಪ್ ತೆಗೆದರೆ ಪ್ಲಗ್ ಕೂರುವ ಗುಂಡಿಯಲ್ಲಿ ಕೆಂಪು ನೀರು ನಿಂತಿದೆ. ಪ್ಲಗ್‌ನ ಷಡ್ಭುಜ ತುಕ್ಕು ಹಿಡಿದಿದೆ. ಬಿಳೀ ಪಿಂಗಾಣಿ ಮೇಲೆ ಮೇಲಿಂದ ಕೆಳಗೆ ಕೂದಲೆಳೆಯಷ್ಟು ಕಪ್ಪು ಗೆರೆ. ಕಿಡಿ ಹರಿದುಹೋದ ದಾರಿ ಅದು. ಒಮ್ಮೆ ಆ ಗೆರೆ ಬಿದ್ದರೆ ನೀರು ಒಣಗಿದ ಮೇಲೂ ಕಿಡಿ ಆ ಕಡೆಗೇ ವಾಲುತ್ತೆ, ಒರೆಸಿದರೆ ಸಾಲದು, ಪ್ಲಗ್ ಮತ್ತು ಕ್ಯಾಪ್ ಎರಡೂ ಬದಲಾಗಬೇಕು.

ಹಾಗಾದರೆ ಹೊಸ ಪ್ಲಗ್ ಹಾಕಿದ ಮೇಲೂ ಯಾಕೆ ಹೀಗಾಯಿತು? ಆ ಗುಂಡಿಯಿಂದ ನೀರು ಹೊರಗೆ ಹೋಗೋಕೆ ಹೆಡ್ ಪಕ್ಕದಲ್ಲಿ ಒಂದು ಸಣ್ಣ ತೂತು ಇರುತ್ತೆ. ಅದು ಕೆಸರಿನಿಂದ ಕಟ್ಟಿಹೋಗಿತ್ತು. ನಮ್ಮೂರ ಮಳೆ, ಅಂಡರ್‌ಪಾಸ್ ನೀರು, ಮೇಲಿಂದ ವಾರವಾರ ಪ್ರೆಷರ್ ವಾಶ್, ಹೋದ ನೀರೆಲ್ಲ ಅಲ್ಲೇ ನಿಂತು ಹೊಸ ಪ್ಲಗ್ ಕೂಡ ಹಾಳು ಮಾಡಿತು. ಎಂಜಿನ್ ಬಿಸಿಯಾದಾಗ ನೀರು ಆವಿಯಾಗಿ ಗಾಡಿ ಸರಿಹೋಗುತ್ತಿತ್ತು. ತೆಳ್ಳಗಿನ ತಂತಿ ಹಾಕಿ ತೂತು ಬಿಡಿಸಿ, ಗಾಳಿ ಹೊಡೆದು ಗುಂಡಿ ಒಣಗಿಸಿ, ಆಮೇಲೆ ಪ್ಲಗ್ ಬಿಚ್ಚಿದೆವು. ಈ ಕ್ರಮ ಮುಖ್ಯ. ಗಾಳಿ ಹೊಡೆಯದೆ ಪ್ಲಗ್ ಬಿಚ್ಚಿದರೆ ಆ ಮರಳು, ನೀರು ಎಲ್ಲ ಸಿಲಿಂಡರ್ ಒಳಗೆ ಬೀಳುತ್ತೆ. ಇಸಿಯುಗೆ ಏನೂ ಆಗಿರಲಿಲ್ಲ.

ಕಿಡಿ ಸರಿಯಿದ್ದರೆ ಪೆಟ್ರೋಲ್ ಕಡೆ ಬನ್ನಿ. ಕಾರ್ಬೊರೇಟರ್ ಗಾಡಿಯಲ್ಲಿ ಯಾವಾಗ ಮಿಸ್ ಹೊಡೆಯುತ್ತೆ ಅನ್ನೋದೇ ಅರ್ಧ ಉತ್ತರ. ಐಡ್ಲಿಂಗ್‌ನಲ್ಲಿ ಮಲಗಿ, ಥ್ರಾಟಲ್ ಎಳೆದಾಗ ಎದ್ದರೆ ಪೈಲಟ್ ಜೆಟ್ (ಐಡ್ಲಿಂಗ್‌ಗೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ಪಾರ್ಟು) ಕಟ್ಟಿರೋದು ಜಾಸ್ತಿ. ತಿಂಗಳುಗಟ್ಟಲೆ ಬೇಸ್‌ಮೆಂಟಲ್ಲಿ ನಿಂತ ಗಾಡಿಗಳಲ್ಲಿ ಇದು ಮಾಮೂಲು, ಅದರಲ್ಲೂ ಈಗಿನ ಎಥನಾಲ್ ಪೆಟ್ರೋಲ್ ತೇವ ಎಳೆದುಕೊಳ್ಳುತ್ತೆ. ಜೆಟ್ಟನ್ನು ಬೆಳಕಿಗೆ ಹಿಡಿದು ನೋಡಿ, ಕಾರ್ಬ್ ಕ್ಲೀನರ್ ಮತ್ತು ಗಾಳಿಯಿಂದ ಬಿಡಿಸಿ. ತಂತಿ ಚುಚ್ಚಬೇಡಿ, ಹಿತ್ತಾಳೆ ಗೀರಿ ತೂತು ದೊಡ್ಡದಾದರೆ ಆ ಸಿಲಿಂಡರ್ ಮತ್ತೆಂದೂ ಪಕ್ಕದ್ದಕ್ಕೆ ಹೊಂದಲ್ಲ. ಕಾರ್ಬೊರೇಟರ್ ಮತ್ತು ಹೆಡ್ ನಡುವಿನ ರಬ್ಬರ್ ಬಿರುಕು ಬಿಟ್ಟಿದೆಯಾ ಅಂತಲೂ ಬಗ್ಗಿಸಿ ನೋಡಿ. ಇಂಜೆಕ್ಷನ್ ಗಾಡಿಯಲ್ಲಿ ಉದ್ದನೆಯ ಸ್ಕ್ರೂ ಡ್ರೈವರ್‌ನ ತುದಿ ಇಂಜೆಕ್ಟರ್ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿ, ಎರಡೂ ಕಡೆ ಒಂದೇ ಥರ ಟಿಕ್ ಟಿಕ್ ಕೇಳಬೇಕು.

ಇವೆರಡೂ ಸರಿಯಿದ್ದು ಇನ್ನೂ ಮಲಗಿದ್ದರೆ ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್. ಥ್ರಾಟಲ್ ಪೂರ್ತಿ ತೆರೆದು ಎರಡೂ ಕಡೆ ಅಳೆಯಿರಿ. ಕಡಿಮೆ ಬಂದ ಕಡೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ, ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಹೆಡ್ ಬಿಚ್ಚುವ ಮೊದಲು ಟ್ಯಾಪೆಟ್ ಗ್ಯಾಪ್ (ವಾಲ್ವ್ ತುದಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು) ನೋಡಿ, ತೀರಾ ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಕೂರಲ್ಲ.

ಟೂ ಸ್ಟ್ರೋಕ್ ಲೆಕ್ಕ ಬೇರೆ. 1983ರಲ್ಲಿ ಬಂದ, ಎಸ್ಕಾರ್ಟ್ಸ್ ಮಾಡಿದ ರಾಜ್‌ದೂತ್ 350, ಅಂದರೆ ನಮ್ಮ ಆರ್‌ಡಿ, ಇವತ್ತಿಗೂ ಬೆಂಗಳೂರಲ್ಲಿ ಜನ ಪ್ರೀತಿಯಿಂದ ಇಟ್ಟುಕೊಂಡಿದ್ದಾರೆ. ಅದರಲ್ಲಿ ಎರಡು ಪಾಯಿಂಟ್, ಎರಡು ಕಂಡೆನ್ಸರ್, ಎರಡು ಕಾರ್ಬೊರೇಟರ್. ಬಲಗಡೆ ಪ್ಲಗ್ ಪದೇಪದೇ ಜಿಡ್ಡಾಗಿ ಆ ಸೈಲೆನ್ಸರ್ ಮಾತ್ರ ಬಿಳೀ ಹೊಗೆ ಬಿಟ್ಟರೆ ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಹೋಗಿ ಗೇರ್ ಆಯಿಲ್ ಎಳೆಯುತ್ತಿದೆ ಅಂತ ಅರ್ಥ. ಎಡಗಡೆ ಸೀಲ್ ಹೋದರೆ ಹೊಗೆ ಬರಲ್ಲ, ಗಾಳಿ ಎಳೆದು ಪಿಸ್ಟನ್ ಸೀಜ್ ಆಗುವ ಅಪಾಯ ಇದೆ, ಅದು ಇನ್ನೂ ಕೆಟ್ಟದ್ದು.

ಇನ್ನೊಂದು ಮಾತು, ಓಡಿಸುವವರಿಗೆ. ಒಂದು ಸಿಲಿಂಡರ್ ಮಲಗಿದರೂ ಗಾಡಿ ಹೋಗುತ್ತೆ, ಅದಕ್ಕೇ ನಂದಿ ಬೆಟ್ಟದಿಂದ ಹಾಗೇ ಓಡಿಸಿಕೊಂಡು ಬರ್ತಾರೆ. ದಯವಿಟ್ಟು ಬೇಡ. ಉರಿಯದ ಪೆಟ್ರೋಲ್ ಸೈಲೆನ್ಸರ್‌ಗೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತೆ, ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ಕೆಳಗೆ ಇಳಿಯುತ್ತೆ. ಟಾಟಾ ಏಸ್ ಕರೆಸಿ, ಗಾಡಿ ಏರಿಸಿ ತನ್ನಿ. ಮೆಕ್ಯಾನಿಕ್ ಆಗಿರುವವರು ಮಿಸ್ಸಿಂಗ್ ಸರಿಮಾಡಿದ ಮೇಲೆ ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಆಯಿಲ್, ಫಿಲ್ಟರ್ ಎರಡನ್ನೂ ಬದಲಾಯಿಸಿಯೇ ಕಸ್ಟಮರ್ ಕೈಗೆ ಕೀ ಕೊಡಿ.