ಇಂಗಾಲಕ್ಕೆ ಬೆಲೆ ಕಟ್ಟಿದ ಯುರೋಪ್, ರಿಯಾಯಿತಿ ಹಂಚಿದ ಅಮೆರಿಕ

ಯುರೋಪಿನವರಿಗೆ ಪರಿಸರದ ಕಾಳಜಿ ಹೆಚ್ಚು, ಅಮೆರಿಕದವರಿಗೆ ಕಡಿಮೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಎರಡೂ ಕಡೆಯ ಕಾನೂನುಗಳು ಹುಟ್ಟಿದ ಬಗೆಯನ್ನು ಓದುತ್ತ ಹೋದಂತೆ ನನಗೆ ಮನವರಿಕೆಯಾಗಿರುವುದೇ ಬೇರೆ: ಅಲ್ಲಿನ ಹವಾಮಾನ ನೀತಿಗಳಿಗೆ ಆಕಾರ ಕೊಟ್ಟದ್ದು ಕಾಳಜಿಗಿಂತ ಹೆಚ್ಚಾಗಿ ಅಲ್ಲಿನ ಮತದಾನದ ನಿಯಮಗಳು.

1992ರಲ್ಲಿ ಯುರೋಪಿನ ರಾಷ್ಟ್ರಗಳ ಒಕ್ಕೂಟದ ಕಾರ್ಯಾಂಗವಾದ ಯುರೋಪಿಯನ್ ಆಯೋಗ ಇಂಗಾಲ ಮತ್ತು ಇಂಧನದ ಮೇಲೆ ತೆರಿಗೆ ಹಾಕುವ ಪ್ರಸ್ತಾವ ಮಂಡಿಸಿತು. ತೆರಿಗೆಯ ವಿಷಯದಲ್ಲಿ ಸದಸ್ಯ ರಾಷ್ಟ್ರಗಳೆಲ್ಲವೂ ಒಪ್ಪಬೇಕಾದ್ದರಿಂದ ಅದು ಮುಂದೆ ಸಾಗಲಿಲ್ಲ. ಹೊರಸೂಸುವ ಹಕ್ಕುಗಳ ಮಾರುಕಟ್ಟೆಯನ್ನು ಪರಿಸರ ಕಾನೂನಾಗಿ ತಂದರೆ ಎಲ್ಲರೂ ಒಪ್ಪಬೇಕಿರಲಿಲ್ಲ, ನಿಗದಿತ ಪ್ರಮಾಣದ ಬಹುಮತ ಸಾಕಿತ್ತು. ಆಮ್ಲಮಳೆ ತಡೆಯಲು 1990ರಲ್ಲಿ ಅಮೆರಿಕವೇ ಗಂಧಕದ ಡೈಆಕ್ಸೈಡ್‌ಗೆ ಇಂಥ ಮಾರುಕಟ್ಟೆಯನ್ನು ರೂಪಿಸಿತ್ತು; ಕ್ಯೋಟೋ ಹವಾಮಾನ ಒಪ್ಪಂದದ ಮಾತುಕತೆಯಲ್ಲಿ ಅದಕ್ಕಾಗಿ ಪಟ್ಟು ಹಿಡಿದದ್ದೂ ಅಮೆರಿಕವೇ. ಆಗ ಅನುಮಾನದಿಂದ ನೋಡಿದ್ದ ಯುರೋಪ್ 2005ರಲ್ಲಿ ಅದನ್ನೇ ತನ್ನದಾಗಿಸಿಕೊಂಡಿತು.

ಅದು ನಡೆಯುವ ರೀತಿ ಸರಳ. ಒಂದು ಟನ್ ಇಂಗಾಲದ ಡೈಆಕ್ಸೈಡ್‌ಗೆ ಒಂದು ಪರವಾನಗಿ; ಅದನ್ನು ಕೊಳ್ಳಬಹುದು, ಮಾರಬಹುದು. ವಿದ್ಯುತ್ ಸ್ಥಾವರವಾಗಲಿ, ಸಿಮೆಂಟ್ ಕಾರ್ಖಾನೆಯಾಗಲಿ, ವರ್ಷವಿಡೀ ಉಗುಳಿದ ಪ್ರತಿ ಟನ್ನಿಗೂ ಲೆಕ್ಕ ಕೊಟ್ಟು ಅಷ್ಟು ಪರವಾನಗಿಗಳನ್ನು ಒಪ್ಪಿಸಬೇಕು. ತಪ್ಪಿದರೆ ಟನ್ನಿಗೆ 100 ಯೂರೋಗೂ ಮಿಕ್ಕಿ ದಂಡ ತೆತ್ತು, ಬಾಕಿ ಪರವಾನಗಿಗಳನ್ನೂ ಕೊಡಬೇಕು. ಪರವಾನಗಿಗಳ ಒಟ್ಟು ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಆರಂಭದಲ್ಲಿ ಧಾರಾಳವಾಗಿ ಹಂಚಿದ್ದರಿಂದ 2013ರಲ್ಲಿ ಬೆಲೆ 3 ಯೂರೋಗಿಂತಲೂ ಕೆಳಗೆ ಕುಸಿದಾಗ ಈ ವ್ಯವಸ್ಥೆಯ ಕಥೆ ಮುಗಿಯಿತು ಎಂದವರು ಬಹಳ ಮಂದಿ. ಆದರೆ ಯುರೋಪ್ ಅದನ್ನು ಕೈಬಿಡದೆ, ಹೆಚ್ಚುವರಿ ಪರವಾನಗಿಗಳನ್ನು ಮಾರುಕಟ್ಟೆಯಿಂದ ಹಿಂದೆಗೆಯುವ ಏರ್ಪಾಡನ್ನು 2019ರಿಂದ ಜಾರಿಗೆ ತಂದಿತು. 2023ರ ಫೆಬ್ರುವರಿಯಲ್ಲಿ ಬೆಲೆ 100 ಯೂರೋ ದಾಟಿತು. ಆ ವರ್ಷದ ಹೊತ್ತಿಗೆ ಈ ವ್ಯಾಪ್ತಿಯ ಸ್ಥಾವರಗಳ ಹೊರಸೂಸುವಿಕೆ 2005ಕ್ಕಿಂತ ಸುಮಾರು ಶೇ 47ರಷ್ಟು ತಗ್ಗಿತ್ತು. ತಪ್ಪನ್ನು ತಿದ್ದಿಕೊಳ್ಳುವಷ್ಟು ಕಾಲ ಬದುಕಿ ಉಳಿದದ್ದೇ ಈ ನೀತಿಯ ದೊಡ್ಡ ಬಲ ಎಂದು ನಾನು ನಂಬುತ್ತೇನೆ.

ಅಮೆರಿಕದಲ್ಲಿ 2009ರಲ್ಲಿ ಇಂಥದೇ ಮಸೂದೆ ಕೆಳಮನೆಯಲ್ಲಿ 219–212 ಮತಗಳಿಂದ ಗೆದ್ದರೂ ಸೆನೆಟ್‌ನಲ್ಲಿ ಮತಕ್ಕೇ ಬರಲಿಲ್ಲ. ಅಲ್ಲಿ ಸಾಮಾನ್ಯ ಮಸೂದೆಗೆ 60 ಮತ ಬೇಕು. ಬಜೆಟ್‌ಗೆ ಸಂಬಂಧಿಸಿದ ಮಸೂದೆಗೆ ಸರಳ ಬಹುಮತ ಸಾಕು. ಆದ್ದರಿಂದಲೇ, ಹೆಸರು ಬೇರೆಯಿದ್ದರೂ ಹವಾಮಾನ ನೀತಿಯನ್ನು ಹೊತ್ತ 2022ರ ಹಣದುಬ್ಬರ ಇಳಿಕೆ ಕಾಯ್ದೆ ತೆರಿಗೆ ರಿಯಾಯಿತಿಗಳ ರೂಪ ತಾಳಿತು: ವಿದ್ಯುತ್ ಕಾರು ಕೊಂಡವರಿಗೆ 7,500 ಡಾಲರ್‌ವರೆಗೆ, ಸೌರಫಲಕ ಮತ್ತು ಬ್ಯಾಟರಿ ತಯಾರಿಸುವವರಿಗೂ ನೆರವು. ಸೆನೆಟ್ ಸಮಸಮವಾಗಿ ಒಡೆದಾಗ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಅವರ ಮತ ಅದನ್ನು ಗೆಲ್ಲಿಸಿತು. ಮೂರು ವರ್ಷ ಕಳೆಯುವುದರೊಳಗೆ, 2025ರ ಜುಲೈನಲ್ಲಿ, ಉಪಾಧ್ಯಕ್ಷ ಜೆ. ಡಿ. ವ್ಯಾನ್ಸ್ ಅವರ ಅಂಥದೇ ನಿರ್ಣಾಯಕ ಮತದಿಂದ ಸೆನೆಟ್ ದಾಟಿದ ಕಾನೂನು ಆ ರಿಯಾಯಿತಿಗಳಲ್ಲಿ ಹಲವನ್ನು ಕೊನೆಗೊಳಿಸಿತು. ಕಾರಿನ ರಿಯಾಯಿತಿ ಸೆಪ್ಟೆಂಬರ್ 30ಕ್ಕೇ ನಿಂತಿತು. ಒಂದು ಮತದಿಂದ ಬಂದದ್ದು ಒಂದು ಮತದಿಂದಲೇ ಹೋಯಿತು. ಅದನ್ನು ನಂಬಿ ಬಂಡವಾಳ ಹೂಡಿದವರ ಪಾಡು ನನ್ನನ್ನು ನಿಜಕ್ಕೂ ಕಾಡುತ್ತದೆ.

ಬೆಲೆ ಕಟ್ಟುವ ದಾರಿಯೂ ನೋವಿಲ್ಲದ್ದಲ್ಲ. 2018ರಲ್ಲಿ ಇಂಧನ ತೆರಿಗೆ ಏರಿಸಹೊರಟ ಫ್ರಾನ್ಸ್ ಹಳದಿ ಅಂಗಿಯವರ ಪ್ರತಿಭಟನೆಗೆ ಮಣಿಯಬೇಕಾಯಿತು. ಬಡವರ ಜೇಬನ್ನು ಮರೆತ ನೀತಿ ಎಲ್ಲಿಯೂ ನಿಲ್ಲದು.

ಯುರೋಪಿನ ಈ ಬೆಲೆ ಈಗ ಅದರ ಗಡಿಯನ್ನೂ ದಾಟಿದೆ. ಆಮದಾಗುವ ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ರಸಗೊಬ್ಬರಗಳ ಇಂಗಾಲದ ಲೆಕ್ಕ 2023ರ ಅಕ್ಟೋಬರ್‌ನಿಂದ ಶುರುವಾಗಿದ್ದು, 2026ರಿಂದ ಹಣದ ಹೊಣೆಯೂ ಸೇರಿದೆ. ಬಳ್ಳಾರಿ ಸೀಮೆಯ ತೋರಣಗಲ್ಲಿನಂಥ ಕಡೆ ಊದುಕುಲುಮೆಯಲ್ಲಿ ತಯಾರಾಗುವ ಉಕ್ಕು ಯುರೋಪಿಗೆ ಹೋಗುವುದಾದರೆ ಅದಕ್ಕೂ ಈ ಲೆಕ್ಕ ತಪ್ಪಿದ್ದಲ್ಲ. ತಯಾರಾದ ದೇಶದಲ್ಲೇ ಇಂಗಾಲಕ್ಕೆ ಬೆಲೆ ತೆತ್ತಿದ್ದರೆ ಅಷ್ಟನ್ನು ಕಳೆಯಲು ಅವಕಾಶವಿದೆ. 2023ರಲ್ಲಿ ಅಧಿಸೂಚಿತವಾದ ಭಾರತದ ಇಂಗಾಲ ಕ್ರೆಡಿಟ್ ವಹಿವಾಟು ಯೋಜನೆ ಬೇಗ ಬಲಗೊಂಡಷ್ಟೂ ಆ ಹಣ ಯುರೋಪಿನ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ಗೆ ಹೋಗದೆ ಇಲ್ಲೇ ಉಳಿಯುತ್ತದೆ.