ಶೇ. 12ರ ಸಾಲ

ನನ್ನ ತಮ್ಮ ತನ್ನ ಫೋನನ್ನು ನನ್ನ ಮುಂದೆ ಹಿಡಿದಾಗ ರಾತ್ರಿ ಹತ್ತು ದಾಟಿತ್ತು. "ಅಕ್ಕಾ, ಬಡ್ಡಿ ಬರೀ ಹನ್ನೆರಡು ಪರ್ಸೆಂಟು. ವರ್ಷದಲ್ಲಿ ತೀರಿಹೋಗುತ್ತೆ. ಒಂದ್ಸಲ ನೋಡಿಬಿಡು, ಓಕೆ ಒತ್ತಿಬಿಡ್ತೀನಿ" ಅಂದ. ಅವನ ಕೆಲಸ ಹೋಗಿ ಮೂರು ತಿಂಗಳಾಗಿತ್ತು, ಮನೆ ಬಾಡಿಗೆ ಬಾಕಿ ಇತ್ತು.

ಒಪ್ಪಂದವನ್ನು ಬೆರಳಿನಿಂದ ಸರಿಸುತ್ತಾ ಹೋದೆ. ಎಂಟನೇ ಪುಟದಲ್ಲಿ, ಕಣ್ಣಿಗೆ ಬೀಳಬಾರದೆಂದೇ ಬರೆದಷ್ಟು ಸಣ್ಣಕ್ಷರದಲ್ಲಿ, 'ಫ್ಲಾಟ್' ಎಂಬ ಪದವಿತ್ತು. ಹಳೆಯ ಲಕೋಟೆಯೊಂದರ ಹಿಂಬದಿಯಲ್ಲಿ ಲೆಕ್ಕ ಶುರುಮಾಡಿದೆ.

ಸಾಲ ನೂರು ಎಂದಿಟ್ಟುಕೊಂಡೆ. ಬಡ್ಡಿ ಸೇರಿ 112, ತಿಂಗಳಿಗೆ 9.33ರಂತೆ ಹನ್ನೆರಡು ಕಂತು. ಆದರೆ ಆರು ಕಂತು ಮುಗಿಯುವ ಹೊತ್ತಿಗೆ ಅಸಲಿನ ಅರ್ಧದಷ್ಟು ವಾಪಸು ಹೋಗಿರುತ್ತದೆ. ಬಡ್ಡಿ ಮಾತ್ರ ಕೊನೆಯ ತಿಂಗಳವರೆಗೂ ಪೂರ್ತಿ ನೂರರ ಮೇಲೆಯೇ ಓಡುತ್ತದೆ. 'ಫ್ಲಾಟ್' ಎಂದರೆ ಅದೇ. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕಿ ನೋಡಿದರೆ ನಿಜವಾದ ದರ ಶೇ. 21ಕ್ಕೂ ಮೇಲೆ. ಅದರ ಮೇಲೆ ಪ್ರೊಸೆಸಿಂಗ್ ಫೀ ಎಂದು ಮೊದಲೇ 3 ಹಿಡಿದುಕೊಳ್ಳುತ್ತಾರೆ, ಕೈಗೆ ಬರುವುದು 97. ಅದನ್ನೂ ಸೇರಿಸಿದೆ. ಶೇ. 27 ದಾಟಿತು.

ತಮ್ಮ ಲಕೋಟೆಯನ್ನು ತನ್ನ ಕಡೆ ತಿರುಗಿಸಿಕೊಂಡು ಬಹಳ ಹೊತ್ತು ನೋಡಿದ. ಅವನು ದಡ್ಡನಲ್ಲ. ಎರಡು ದಿನದಿಂದ ನಿದ್ದೆ ಮಾಡಿರಲಿಲ್ಲ, ಅಷ್ಟೇ. ಇಂಥ ಕಾಗದಗಳನ್ನು ಜನ ಓದುವುದು ಬಹುಪಾಲು ಇಂಥ ರಾತ್ರಿಗಳಲ್ಲೇ.

"ಸರ್ಕಾರ ಇದಕ್ಕೊಂದು ಮಿತಿ ಹಾಕಬೇಕು" ಅಂದೆ ನಾನು, ಸಿಟ್ಟಿನಲ್ಲಿ. ಪ್ರಾಚೀನ ಬ್ಯಾಬಿಲೋನಿನ ದೊರೆ ಹಮ್ಮುರಾಬಿಯ ಕಾಲದಲ್ಲೇ ಧಾನ್ಯದ ಸಾಲಕ್ಕೆ ಮೂರನೇ ಒಂದು ಭಾಗ, ಬೆಳ್ಳಿಯ ಸಾಲಕ್ಕೆ ಐದನೇ ಒಂದು ಭಾಗ ಎಂದು ಬಡ್ಡಿಗೆ ಗೆರೆ ಎಳೆದಿದ್ದರಲ್ಲ!

"ಮಿತಿ ಹಾಕಿದ್ರೆ ನನ್ನಂಥವನಿಗೆ ಕೊಡೋದನ್ನೇ ನಿಲ್ಲಿಸಿಬಿಟ್ರೆ?" ಅಂದ.

ನನ್ನಲ್ಲಿ ತಕ್ಷಣ ಉತ್ತರವಿರಲಿಲ್ಲ. ಅವನ ಭಯ ಸುಳ್ಳಲ್ಲ. ಕೆನ್ಯಾ 2016ರಲ್ಲಿ ಬ್ಯಾಂಕ್ ಬಡ್ಡಿಗೆ ಮಿತಿ ಹಾಕಿತು. ಬ್ಯಾಂಕುಗಳು ಸಣ್ಣ ಸಾಲಗಾರರಿಂದ ಕೈ ಹಿಂದೆಗೆದು ಸರ್ಕಾರಿ ಬಾಂಡುಗಳ ಕಡೆ ವಾಲಿದವು. 2019ರಲ್ಲಿ ಆ ಮಿತಿಯನ್ನೇ ತೆಗೆದರು. ಹಾಗೆಂದು ಕೈಕಟ್ಟಿ ಕೂರುವುದು ನನಗೆ ಒಪ್ಪಿಗೆಯಿಲ್ಲ. ಬ್ರಿಟನ್ನಿನಲ್ಲಿ 2015ರಿಂದ ದುಬಾರಿ ಅಲ್ಪಾವಧಿ ಸಾಲಕ್ಕೆ ಬಡ್ಡಿ, ಶುಲ್ಕ ಎರಡೂ ಸೇರಿ ದಿನಕ್ಕೆ ಶೇ. 0.8ರ ಮಿತಿಯಿದೆ. ಅದಕ್ಕಿಂತ ನನಗೆ ಹಿಡಿಸಿದ್ದು ಅಲ್ಲಿನದೇ ಇನ್ನೊಂದು ನಿಯಮ: ನೂರು ಸಾಲ ಪಡೆದವನು, ತಪ್ಪಿದ ಕಂತಿನ ದಂಡವೂ ಸೇರಿ, ಒಟ್ಟು ಇನ್ನೂರಕ್ಕಿಂತ ಹೆಚ್ಚು ಕಟ್ಟಬೇಕಾಗಿಲ್ಲ. ಬರೀ ಬಡ್ಡಿದರಕ್ಕೆ ಬೇಲಿ ಹಾಕಿದರೆ ಅದೇ ಹಣ ಫೀ ಎಂಬ ಹೆಸರಿನಲ್ಲಿ ಹಿತ್ತಲ ಬಾಗಿಲಿನಿಂದ ಹೊರಗೆ ಹೋಗುತ್ತದೆ. ಲಕೋಟೆಯ ಮೇಲಿದ್ದ ಆ 3 ಅದನ್ನೇ ಹೇಳುತ್ತಿತ್ತು. ಮಿತಿ ಬೇಕು, ಆದರೆ ಸಾಲಗಾರನ ಜೇಬಿನಿಂದ ಹೋಗುವ ಪೂರ್ತಿ ಮೊತ್ತದ ಮೇಲೆ ಬೇಕು.

ಬಾಡಿಗೆ ಕಾಯುವಂತಿರಲಿಲ್ಲ. ನನ್ನ ಹತ್ತಿರ ಇದ್ದದ್ದನ್ನು ಕೊಟ್ಟೆ, ಉಳಿದ ಅರ್ಧಕ್ಕೆ ಅವನು ಅದೇ ಸಾಲ ತೆಗೆದುಕೊಂಡ. ಓಕೆ ಒತ್ತುವ ಮೊದಲು ಲಕೋಟೆಯ ಮೇಲಿನ 12ನ್ನು ಹೊಡೆದುಹಾಕಿ ಪಕ್ಕದಲ್ಲಿ 27 ಎಂದು ಬರೆದು, ಮಡಚಿ ಜೇಬಿಗಿಟ್ಟುಕೊಂಡ.