ಚಿಕ್ಕಪ್ಪನ ಬಿಪಿ ಪುಸ್ತಕ

ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಮೂಡಿಗೆರೆಗೆ ಮರಳಿದ ಮೇಲೂ ನಮ್ಮ ಚಿಕ್ಕಪ್ಪನನ್ನು ಕಾಫಿ ಕಣದ ಚಿಂತೆ ಬಿಟ್ಟಿಲ್ಲ. ಒಣಹಾಕಿದ ಹಣ್ಣಿನ ನಡುವೆ ಒಂದು ಹಸಿರು ಕಾಯಿ ಕಂಡರೂ ಮುಖ ಕೆಂಪಾಗುತ್ತದೆ. ಮಾತ್ರೆ ನುಂಗುವುದು ಗಡಿಯಾರ ನೋಡಿಕೊಂಡೇ. ಬಿಪಿ ಬರೆದಿಡಲು ಗೆರೆ ಎಳೆದ ಪುಸ್ತಕ ಬೇರೆ! 120ರ ಬದಲು 126 ಬಂದರೆ ಮತ್ತೆ ಮತ್ತೆ ಅಳೆಯುತ್ತಾರೆ. ಆ ಗಾಬರಿಗೇ ಅದು ಇನ್ನಷ್ಟು ಏರುತ್ತದೆ.

ಅಮೆರಿಕದ ಹೃದ್ರೋಗ ತಜ್ಞರಾದ ಫ್ರೀಡ್‌ಮನ್ ಮತ್ತು ರೋಸೆನ್‌ಮನ್ 1950ರ ದಶಕದಲ್ಲೇ ಸದಾ ಅವಸರದ, ಪೈಪೋಟಿಯ ಸ್ವಭಾವಕ್ಕೂ ಹೃದ್ರೋಗಕ್ಕೂ ನಂಟಿದೆ ಎಂದು ವಾದಿಸಿದ್ದರು. ‘ಟೈಪ್ ಎ’ ಎಂಬ ಮಾತು ಬಂದದ್ದು ಅಲ್ಲಿಂದ. ಮುಂದಿನ ಅಧ್ಯಯನಗಳಲ್ಲಿ ಆ ನಂಟು ಅಷ್ಟು ಗಟ್ಟಿಯಾಗಿ ಉಳಿಯಲಿಲ್ಲ. ಸಂಶಯ ಹೆಚ್ಚಾಗಿ ಸಿಟ್ಟು, ಹಗೆತನದ ಕಡೆಗೆ ತಿರುಗಿತು. ಹಾಗಾಗಿ ಅಚ್ಚುಕಟ್ಟುತನವನ್ನು ನಾನು ದೂರುವುದಿಲ್ಲ. ಅದರಿಂದಲೇ ಅವರು ಒಂದು ಹೊತ್ತಿನ ಮಾತ್ರೆಯನ್ನೂ ತಪ್ಪಿಸಿಲ್ಲ. ಸಣ್ಣ ಲೋಪ ಕಂಡಾಗ ಉಕ್ಕುವ ಅಡ್ರಿನಾಲಿನ್ ಎಂಬ ಹಾರ್ಮೋನು, ಜೊತೆಗೇ ಏರುವ ನಾಡಿ ಮತ್ತು ರಕ್ತದೊತ್ತಡ, ನನ್ನ ಭಯ ಅವುಗಳದ್ದು.

ನಿನ್ನೆಯಿಂದ ಚಿಕ್ಕಮ್ಮ ಬಿಪಿ ಯಂತ್ರವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಬೆಳಿಗ್ಗೆ, ಸಂಜೆ ಮಾತ್ರ ಅದು ಹೊರಗೆ. ಇದಕ್ಕೆ ವೈದ್ಯರ ಒಪ್ಪಿಗೆ ಸಿಕ್ಕಿದೆ, ಚಿಕ್ಕಪ್ಪನದೊಂದು ಬಾಕಿ.